ಶಿವರಾತ್ರಿಯಂದು ಹಾಕಿದ ಮತ

2020ರ ಮಾರ್ಚ್ ಮೂರನೆಯ ತಾರೀಖು, ಮಂಗಳವಾರ, ಊಟದ ಹೊತ್ತು ಮೀರಿದ ಮೇಲೆ ನಾನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಟೊರೆನ್ಸಿನ ಒಂದು ಸಮುದಾಯ ಭವನದೊಳಗೆ, ಬಾಗಿಲಿನ ಎಡಗಡೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಅಂದು ಆ ಭವನ ಮತದಾನದ ಕೇಂದ್ರವಾಗಿತ್ತು. ನನ್ನ ಮುಂದೆ ಒಂದು ಉದ್ದನೆಯ ಮೇಜು, ಅದರ ಮೇಲೆ ಮತದಾರರ ಹೆಸರು ಹುಡುಕುವ ಟ್ಯಾಬ್ಲೆಟ್‌ಗಳು, ಅದರಾಚೆ ಮರೆ ಕಟ್ಟಿದ ಮತಯಂತ್ರಗಳು. ಮೇಜಿನ ಬಳಿ ಆಡಿದ ಮಾತು ನನಗೆ ಕೇಳಿಸುತ್ತಿತ್ತು. ಅಲ್ಲಿ ನಿಲ್ಲು ಎಂದು ನನಗೆ ಯಾರೂ ಹೇಳಿರಲಿಲ್ಲ. ಕೆಲಸದ ವೀಸಾದ ಮೇಲಿರುವವನು ಮತಗಟ್ಟೆಯಲ್ಲಿ ಮುಂದೆ ಮುಂದೆ ಹೋಗಬಾರದು, ಯಾರಾದರೂ ಏನಾದರೂ ತಪ್ಪು ತಿಳಿದಾರು ಎಂಬ ಅಂಜಿಕೆಯಿಂದ ನಾನೇ ಗೋಡೆ ಹಿಡಿದಿದ್ದೆ.

ಮೇಜಿನ ಮುಂದೆ ನಿಂತಿದ್ದವಳು ನನ್ನ ದೊಡ್ಡವ್ವ, ನನ್ನ ತಾಯಿಯ ಅಕ್ಕ. ಅವಳು ಕೇಳಲು ಬಂದದ್ದು ಒಂದೇ ಮಾತು: ಹತ್ತು ಹನ್ನೊಂದು ದಿನದ ಹಿಂದೆ ಅಂಚೆಯಲ್ಲಿ ಕಳಿಸಿದ ತನ್ನ ಮತವನ್ನು ಹಿಂದಕ್ಕೆ ಕೊಡುತ್ತಾರೆಯೇ.

ನಾನು ಕಂಡದ್ದನ್ನೂ ಕೇಳಿದ್ದನ್ನೂ ಬರೆಯುತ್ತೇನೆ. ಅಭ್ಯರ್ಥಿಗಳ ಹೆಸರು ಬರೆಯುವುದಿಲ್ಲ. ಅವರಲ್ಲಿ ಯಾರು ಯೋಗ್ಯರು ಎಂಬುದು ನಾನು ಹೇಳಬೇಕಾದ ವಿಷಯವಲ್ಲ.

ದೊಡ್ಡವ್ವ ಗದಗ ಕಡೆಯವಳು. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದವಳು. ನಮ್ಮಲ್ಲಿ ಚುನಾವಣೆ ಬಂದರೆ ಶಾಲೆಯ ಶಿಕ್ಷಕರಿಗೆಲ್ಲ ಡ್ಯೂಟಿ ಬೀಳುತ್ತದೆ. ಹಾಗೆ ಅವಳು ಎಷ್ಟೋ ಚುನಾವಣೆಗಳಲ್ಲಿ ಅಪರಿಚಿತ ಹಳ್ಳಿಗಳ ಶಾಲೆಗಳಲ್ಲಿ ಕೂತು ಜನರ ಬೆರಳಿಗೆ ಶಾಯಿ ಹಚ್ಚಿದ್ದಳು. ಡ್ಯೂಟಿಯ ಮೇಲಿರುವವರಿಗೆ ತಮ್ಮ ಊರಿನಲ್ಲಿ ಮತ ಹಾಕಲು ಆಗುವುದಿಲ್ಲ. ಅಂಚೆಯ ಮತಪತ್ರ ತರಿಸಿಕೊಳ್ಳಬೇಕು. ಅದು ಕೆಲವು ಸಲ ಬರುತ್ತಿತ್ತು, ಕೆಲವು ಸಲ ಬರುತ್ತಿರಲಿಲ್ಲ. ಬಂದಾಗ ದೊಡ್ಡಪ್ಪ ಪಕ್ಕದಲ್ಲಿ ಕೂತು ಎಲ್ಲಿ ಗುರುತು ಹಾಕಬೇಕೆಂದು ತೋರಿಸುತ್ತಿದ್ದರು. ಮದುವೆಗೆ ಮುಂಚೆ ಅವಳ ಅಪ್ಪ ತೋರಿಸಿದ್ದರು. ಇದನ್ನು ಅವಳು ದೂರಿನ ಹಾಗೆ ಹೇಳುತ್ತಿರಲಿಲ್ಲ. ಆಗಿನ ಕಾಲ ಹಂಗಿತ್ತು ಎಂದು ಹೇಳುತ್ತಿದ್ದಳು, ಅಷ್ಟೆ.

ದೊಡ್ಡಪ್ಪ ತೀರಿಕೊಂಡ ಮೇಲೆ ಮಗಳು ಅವಳನ್ನು ಟೊರೆನ್ಸಿಗೆ ಕರೆಸಿಕೊಂಡಳು. ಆ ಮಗಳನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ ಇಲ್ಲಿನ ಪ್ರಜೆಯಾಗಿದ್ದರಿಂದ ತಾಯಿಗೆ ಗ್ರೀನ್ ಕಾರ್ಡ್ ಬೇಗ ಸಿಕ್ಕಿತು, ಅದಕ್ಕೆ ತಕ್ಕ ವರ್ಷಗಳು ಕಳೆದ ಮೇಲೆ ಪೌರತ್ವವೂ ಸಿಕ್ಕಿತು. ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯಲ್ಲಿ ಅವಳು ಇಲ್ಲಿಗೆ ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ಕೆಲಸ ಮಾಡುತ್ತಿದ್ದ ನಾನು ಗ್ರೀನ್ ಕಾರ್ಡಿನ ಸಾಲಿನಲ್ಲಿ ಇನ್ನೂ ನಿಂತಿದ್ದೆ. ಪ್ರಮಾಣವಚನ ಮುಗಿಸಿ ಬಂದ ದಿನ ದೊಡ್ಡವ್ವ ನನಗೆ ಫೋನ್ ಮಾಡಿ, "ನಿನ್ನಕಿಂತ ಮೊದಲ ಪಾಸಾದೆ ನೋಡಪಾ" ಎಂದಳು. ಆಮೇಲೆ, "ಈ ಸಲ ನನ್ನ ವೋಟು ನಾನಽ ಹಾಕಾಕಿ. ಯಾರೂ ತೋರ್ಸಂಗಿಲ್ಲ" ಎಂದಳು.

ಆ ಮಾತನ್ನು ಅವಳು ಆ ಚಳಿಗಾಲದಲ್ಲಿ ಹಲವು ಸಲ ಹೇಳಿದಳು. ಅಕ್ಕನಿಗೂ ಹೇಳಿದಳು, ಪಕ್ಕದ ಮನೆಯವರಿಗೆ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದಳು. ಹೃದಯದ ತೊಂದರೆ ಇತ್ತು. ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಮುಂದಿನ ಚುನಾವಣೆ ನೋಡುತ್ತೇನೆಂಬ ಭರವಸೆ ಅವಳಿಗಿರಲಿಲ್ಲ. ಅದನ್ನೂ ಹೇಳುತ್ತಿದ್ದಳು, ನಗುತ್ತ.

ಆ ವರ್ಷ ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ. ಅಧಿಕಾರದಲ್ಲಿದ್ದ ಅಧ್ಯಕ್ಷರ ಎದುರು ಯಾರು ನಿಲ್ಲಬೇಕೆಂದು ಎದುರು ಪಕ್ಷದ ಮತದಾರರು ಮೊದಲು ತಮ್ಮೊಳಗೇ ಮತ ಹಾಕಿ ಆರಿಸುತ್ತಾರೆ. ಅದು ಪ್ರೈಮರಿ. ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ ನಡೆಯುತ್ತದೆ. ಕ್ಯಾಲಿಫೋರ್ನಿಯಾದ ಸರದಿ ಮಾರ್ಚ್ ಮೂರಕ್ಕೆ ಬಂದಿತ್ತು. ದೊಡ್ಡವ್ವ ಆ ಪಕ್ಷಕ್ಕೆ ಹೆಸರು ನೋಂದಾಯಿಸಿದ್ದಳು, ಮತಪತ್ರ ಮನೆಗೇ ಬರುವಂತೆ ಕೇಳಿಕೊಂಡಿದ್ದಳು. ಫೆಬ್ರವರಿಯಲ್ಲಿ ಅದು ಬಂತು. ಅಭ್ಯರ್ಥಿಗಳ ಹೆಸರು ಎಷ್ಟಿದ್ದವೆಂದರೆ, ಆಗಲೇ ಕಣ ಬಿಟ್ಟು ಹೋಗಿದ್ದವರ ಹೆಸರುಗಳೂ ಅಚ್ಚಾಗಿದ್ದವು.

ಅವಳ ಮನಸ್ಸಿನಲ್ಲಿ ಒಬ್ಬರಿದ್ದರು. ಟಿವಿಯಲ್ಲಿ ಅಭ್ಯರ್ಥಿಗಳ ಚರ್ಚೆಗಳನ್ನೆಲ್ಲ ಅವಳು ನೋಡಿದ್ದಳು. ಅರ್ಧ ಮಾತು ತಿಳಿಯದಿದ್ದರೂ, ಬೇರೆಯವರು ಮಾತಾಡುವಾಗ ಯಾರು ಕೇಳಿಸಿಕೊಳ್ಳುತ್ತಾರೆ, ಯಾರು ಬಾಯಿ ಹಾಕುತ್ತಾರೆ ಎಂದು ಗಮನಿಸುತ್ತಿದ್ದಳು. "ಈ ಮನುಷ್ಯರು ಕೇಳ್ತಾರ" ಎಂದು ಒಬ್ಬರನ್ನು ಆರಿಸಿದ್ದಳು. ಶಾಲೆ ನಡೆಸಿದವಳ ಪರೀಕ್ಷೆ ಅದು. ನಾನು ಆಗ ನಕ್ಕಿದ್ದೆ. ಈಗ ಯೋಚಿಸಿದರೆ ನಮ್ಮಲ್ಲಿ ಬೇರೆ ಯಾರೂ ಅದಕ್ಕಿಂತ ಒಳ್ಳೆಯ ಕಾರಣ ಹೇಳಿರಲಿಲ್ಲ.

ಶಿವರಾತ್ರಿ ಆ ಸಲ ಶುಕ್ರವಾರ ಬಂದಿತ್ತು. ಪ್ರತಿ ವರ್ಷದಂತೆ ನಾನು ರಜೆ ಹಾಕಿ, ಸ್ಯಾನ್ ಡಿಯಾಗೋದಲ್ಲಿ ಓದುತ್ತಿದ್ದ ಅಕ್ಕನ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಬೆಳಿಗ್ಗೆಯೇ ಟೊರೆನ್ಸಿಗೆ ಬಂದೆ. ಮನೆಯವರಿಗೆಲ್ಲ ಉಪವಾಸ. ಅಕ್ಕ ಸಾಬುದಾಣಿ ಖಿಚಡಿ ಮಾಡಿದ್ದಳು. ದೊಡ್ಡವ್ವ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಮತಪತ್ರವನ್ನೂ ನೀಲಿ ಪೆನ್ನನ್ನೂ ತಂದು ಊಟದ ಮೇಜಿನ ಮೇಲಿಟ್ಟುಕೊಂಡು ಕೂತಳು. ಒಳ್ಳೆಯ ದಿನ, ಇವತ್ತೇ ಹಾಕುತ್ತೇನೆ ಎಂದಳು.

ಅಜ್ಜಿಗೆ ಮೊಮ್ಮಗಳು ಹೇಳಿದಳು: "ಅಜ್ಜಿ, ಯು ಹ್ಯಾವ್ ಟೈಮ್. ಮಾರ್ಚ್ ಥರ್ಡ್‌ವರೆಗೂ ವೇಟ್ ಮಾಡಬಹುದು."

"ಒಳ್ಳೇ ದಿವಸ ತಾನಾಗೇ ಕೈಯಾಗ ಬಂದೈತಿ. ಯಾಕ ಬಿಡ್ಲಿ?"

ಅಕ್ಕನ ಗಂಡ, ನನ್ನ ಭಾವ, ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರು ಬೆಂಗಳೂರಿನವರು, ವಿಮಾನದ ಭಾಗಗಳನ್ನು ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವರು, ಅವಳ ಮಾತ್ರೆಗಳನ್ನು ವಾರಕ್ಕೊಮ್ಮೆ ಡಬ್ಬಿಗೆ ತುಂಬಿಡುತ್ತಿದ್ದವರು ಅವರೇ. ಕಾಫಿ ತೆಗೆದುಕೊಳ್ಳಲು ಬಂದವರು ಮತಪತ್ರ ನೋಡಿ ಅಲ್ಲೇ ಕುರ್ಚಿ ಎಳೆದುಕೊಂಡರು.

"ಅತ್ತೆ, ಯಾರಿಗೆ ಹಾಕ್ತಿದೀರ?"

ಅವಳು ಹೆಸರು ಹೇಳಿದಳು.

"ಅಯ್ಯೋ, ಅವರು ಗೆಲ್ಲಲ್ಲ ಅತ್ತೆ. ಒಳ್ಳೇವ್ರೇ, ನಾನೇನು ಇಲ್ಲ ಅನ್ನಲ್ಲ. ಆದ್ರೆ ನವೆಂಬರ್‌ನಲ್ಲಿ ಆ ಕಡೆಯವರನ್ನ ಸೋಲಿಸೋಕೆ ಇವರ ಕೈಲಿ ಆಗಲ್ಲ. ಗೆಲ್ಲೋರಿಗೆ ಹಾಕ್ಬೇಕು." ಎಂದು ಇನ್ನೊಬ್ಬರ ಹೆಸರು ಹೇಳಿದರು. ಬೇರೆ ರಾಜ್ಯಗಳಲ್ಲಿ ಅವರು ಎಷ್ಟು ಚೆನ್ನಾಗಿ ಮಾಡಿದ್ದಾರೆ, ನಡುವಿನ ಜನರಿಗೆ ಹೇಗೆ ಒಪ್ಪಿಗೆಯಾಗುತ್ತಾರೆ ಎಂದು ವಿವರಿಸಿದರು.

"ಗೆಲ್ಲೂದು ಯಾರು ಅಂತ ಮೊದಲಽ ಗೊತ್ತಿದ್ರ, ಇಷ್ಟ ದೊಡ್ಡ ಕಾಗದ ಯಾಕ ಅಚ್ಚ ಹಾಕಿಸ್ಯಾರ್ರೀ?" ಎಂದು ದೊಡ್ಡವ್ವ ಕೇಳಿದಳು.

ಮೊಮ್ಮಗಳು ಚಪ್ಪಾಳೆ ತಟ್ಟಿದಳು. "ಎಕ್ಸಾಕ್ಟ್ಲಿ! ಅಪ್ಪಾ, ದಟ್ಸ್ ನಾಟ್ ಫೇರ್. ಯಾವುದೋ ಎರಡು ಸಣ್ಣ ಸ್ಟೇಟ್ಸ್ ವೋಟ್ ಮಾಡಿದ ತಕ್ಷಣ ಯಾರು ಗೆಲ್ತಾರೆ ಅಂತ ನೀವೆಲ್ಲ ಡಿಸೈಡ್ ಮಾಡಿಬಿಡ್ತೀರ. ದೆನ್ ವೈ ಡೂ ವಿ ಈವನ್ ವೋಟ್?"

"ನಿನ್ನ ಕ್ಯಾಂಡಿಡೇಟು ಈ ಜನ್ಮದಲ್ಲಿ ಗೆಲ್ಲಲ್ಲ, ಅದಕ್ಕೆ ನಿಂಗೆ ಎಲ್ಲಾನೂ ಅನ್‌ಫೇರು" ಎಂದರು ಭಾವ.

"ಅಟ್ ಲೀಸ್ಟ್ ಐ ಲೈಕ್ ಮೈನ್. ಡೂ ಯು ಈವನ್ ಲೈಕ್ ಯುವರ್ಸ್?"

"ಇಷ್ಟ ಕಟ್ಕೊಂಡು ಏನಮ್ಮಾ ಮಾಡ್ಲಿ? ಫೇರ್ ಅಂತ ಆಡ್ಕೊಂಡು ಕೂತ್ರೆ ಇನ್ನೂ ನಾಲ್ಕು ವರ್ಷ ಅವರೇ ಇರ್ತಾರೆ." ಮತ್ತೆ ಅತ್ತೆಯ ಕಡೆ ತಿರುಗಿ, ದನಿ ಇಳಿಸಿ, "ಅತ್ತೆ, ಮಗಳಿಗೆ ಗಂಡು ನೋಡುವಾಗ ಮನಸ್ಸಿಗೆ ಹಿಡಿಸಿದೋನನ್ನ ನೋಡ್ತೀವಾ, ಸಂಸಾರ ತೂಗಿಸೋನನ್ನ ನೋಡ್ತೀವಾ?" ಎಂದರು.

"ನಾ ಎರಡೂ ನೋಡೀನಿ" ಎಂದಳು ದೊಡ್ಡವ್ವ.

ಎಲ್ಲರೂ ನಕ್ಕೆವು. ಅಡುಗೆಮನೆಯಿಂದ ಅಕ್ಕ, "ಅವ್ವಾ, ಸುಳ್ಳ ಹೇಳಬ್ಯಾಡ. ನೀ ಪಗಾರ ಅಷ್ಟಽ ನೋಡಿದ್ದಿ" ಎಂದು ಕೂಗಿದಳು. ಭಾವನೂ ನಕ್ಕರು. ಅಲ್ಲಿಗೆ ಮುಗಿದಿದ್ದರೆ ದೊಡ್ಡವ್ವ ಪೆನ್ನು ತೆಗೆದು ತನಗೆ ಬೇಕಾದ ಹೆಸರಿನ ಎದುರಿನ ಖಾಲಿ ವೃತ್ತವನ್ನು ತುಂಬುತ್ತಿದ್ದಳು. ಪೆನ್ನಿನ ಟೊಪ್ಪಿಗೆ ಆಗಲೇ ತೆಗೆದಿದ್ದಳು. ಅದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಆಗ ಭಾವ ನನ್ನ ಕಡೆ ಕೈ ತೋರಿಸಿದರು. "ಇವನನ್ನ ನೋಡಿ ಅತ್ತೆ. ಇವನಿಗೆ ವೋಟಿಲ್ಲ. ನಾಳೆ ವೀಸಾ ರಿನ್ಯೂ ಆಗ್ಲಿಲ್ಲ ಅಂದ್ರೆ ಮನೆ, ಕಾರು ಎಲ್ಲ ಬಿಟ್ಟು ಎರಡು ಸೂಟ್‌ಕೇಸ್ ಹಿಡ್ಕೊಂಡು ಹೋಗ್ಬೇಕು. ಇವನ ಪರವಾಗಿ ವೋಟ್ ಹಾಕೋರು ನಾವೇ ಅಲ್ವಾ? ಈ ಸಲ ಸೋತ್ರೆ ಇವನ ಗತಿ ಏನು?"

ದೊಡ್ಡವ್ವ ನನ್ನನ್ನು ನೋಡಿದಳು.

"ನೀ ಏನಂತಿ?"

"ನನಗ ವೋಟಿಲ್ಲ ದೊಡ್ಡವ್ವಾ."

"ವೋಟ ಕೇಳಲಿಲ್ಲ. ಮಾತ ಕೇಳಿದೆ."

"ನನ್ನ ಸಲುವಾಗಿ ಹಾಕಬ್ಯಾಡ. ನಿನ್ನ ಮನಸಿಗೆ ಬಂದವ್ರಿಗೆ ಹಾಕು" ಎಂದೆ. ಆ ಮಾತು ನಾನು ಆಡಿದ್ದು ಹಾಗೆಯೇ. ಮನಸ್ಸಿನಲ್ಲಿದ್ದದ್ದೂ ಅದೇ.

"ಸಂಕೋಚಕ್ಕೆ ಹಾಗಂತಾನೆ ಅತ್ತೆ" ಎಂದರು ಭಾವ.

"ಸಂಕೋಚ ಅಲ್ಲ ಭಾವ. ನಿಜವಾಗ್ಲೂ ನನ್ನ ಸಲುವಾಗಿ ಬೇಡ."

"ನೋಡಿ, ನೋಡಿ."

ನಮ್ಮ ಜನರಲ್ಲಿ ಊಟಕ್ಕೆ ಕೂತವನು ಬೇಡ ಎಂದರೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಮತ್ತೆ ಬೇಡ ಎಂದರೆ ಅದರ ಮೇಲೆ ಬೆಣ್ಣೆ ಹಾಕುತ್ತಾರೆ. ಬೇಡ ಎನ್ನುವುದನ್ನು ಬೇಡ ಎಂದೇ ತಿಳಿಸಲು ನಮಗೆ ಒಂದು ದಾರಿ ಇಲ್ಲ. ನಾನು ಮೂರನೆಯ ಸಲ ಹೇಳಿದೆ. ಅಕ್ಕ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನನ್ನ ಮುಖ ನೋಡಿ ಕಣ್ಣು ತುಂಬಿಕೊಂಡಳು. ಪಾಪ, ಬಾಯಿಬಿಟ್ಟು ಕೇಳಲಾರ ಎಂದು ಅವಳಿಗೂ ಅನ್ನಿಸಿತ್ತು. ನಾನು ಬೇಡ ಎಂದಷ್ಟೂ ಅದು ಬೇಡಿಕೆಯಾಗುತ್ತ ಹೋಗುವುದು ನನಗೆ ಅಲ್ಲಿ ಕೂತಲ್ಲೇ ತಿಳಿಯಿತು. ಸುಮ್ಮನಾದರೆ ಒಪ್ಪಿಕೊಂಡಂತೆ, ಮಾತಾಡಿದರೆ ಬೇಡಿದಂತೆ. ಎದ್ದು ಹೋದರೂ ನೊಂದು ಹೋದ ಎನ್ನುತ್ತಿದ್ದರು. ಮೊಮ್ಮಗಳೊಬ್ಬಳೇ, "ಹಿ ಸೆಡ್ ನೋ. ಮಾಮಾ ಸೆಡ್ ನೋ" ಎಂದು ಎರಡು ಸಲ ಹೇಳಿದಳು. ಇಲ್ಲಿ ಹುಟ್ಟಿದವಳಿಗೆ ನಮ್ಮ ಸಂಕೋಚದ ಲೆಕ್ಕ ತಿಳಿಯುವುದಿಲ್ಲ ಎಂದು ಅವಳ ಅಪ್ಪ ಅಂದುಕೊಂಡರು.

ಇನ್ನೊಂದು ಮಾತೂ ಇದೆ. ದೊಡ್ಡವ್ವ ಇದ್ದದ್ದು ಮಗಳ ಮನೆಯಲ್ಲಿ. ಅವಳ ಕಾಲದವರಿಗೆ ಅದು ಸುಲಭದ ಮಾತಲ್ಲ. ಅಳಿಯ ಎಷ್ಟೇ ಆತ್ಮೀಯನಾದರೂ ಅವನು ಬಾಯಿಬಿಟ್ಟು ಕೇಳಿದ್ದನ್ನು ಅತ್ತೆ ಇಲ್ಲ ಎನ್ನಬಾರದು. ಅಷ್ಟು ವರ್ಷ ಭಾವ ಅವಳಿಂದ ಏನನ್ನೂ ಕೇಳಿರಲಿಲ್ಲ. ಇದೇ ಮೊದಲು.

ಅವಳು ಮತಪತ್ರವನ್ನು ಹತ್ತಿರ ಎಳೆದುಕೊಂಡಳು. "ಎಲ್ಲೆ ಐತ್ರಿ ಆ ಹೆಸರು?" ಎಂದಳು. ಭಾವ ಬೆರಳಿಟ್ಟು ತೋರಿಸಿದರು. ಅವಳು ಆ ವೃತ್ತವನ್ನು ಅಂಚು ದಾಟದಂತೆ, ನಿಧಾನವಾಗಿ, ಪೂರ್ತಿ ನೀಲಿಯಾಗುವವರೆಗೆ ತುಂಬಿದಳು. ಶಾಯಿ ಆರಲೆಂದು ಊದಿದಳು. ಮಡಿಚಿ ಲಕೋಟೆಗೆ ಹಾಕಿ, ಮೇಲೆ ಕನ್ನಡದಲ್ಲಿ ಸಹಿ ಮಾಡಿದಳು. ಪೌರತ್ವದ ಕಾಗದದಲ್ಲೂ ಅವಳದು ಕನ್ನಡದ ಸಹಿಯೇ.

ಅಂಚೆಡಬ್ಬಿ ಬೀದಿಯ ಕೊನೆಯಲ್ಲಿತ್ತು. ರಾಹುಕಾಲ ಮುಗಿಯಲಿ ಎಂದು ಅವಳು ತಡೆದಾಗ ಅಕ್ಕ, "ಲಿಂಗಾ ಕಟ್ಟಿದಾಕಿ ರಾಹುಕಾಲ ನೋಡ್ತಿಯೇನ ಅವ್ವಾ?" ಎಂದು ರೇಗಿಸಿದಳು. "ಸರಕಾರದ ಕೆಲಸ, ಎರಡೂ ಕಡೆ ನೋಡಬೇಕು" ಎಂದಳು ದೊಡ್ಡವ್ವ. ಮಧ್ಯಾಹ್ನ ನಾನೂ ಅವಳೂ ನಡೆದುಕೊಂಡು ಹೋದೆವು. ಅಂಚೆಡಬ್ಬಿಯ ಮುಂದೆ ನಾನು ಮತ್ತೆ ಹೇಳಿದೆ: ಇನ್ನೂ ದಿನಗಳಿವೆ, ಬೇಕಾದರೆ ಇಟ್ಟುಕೋ, ಬೇರೆ ಮತಪತ್ರ ಕೇಳಬಹುದಂತೆ. ಅವಳು ನನ್ನ ಗಲ್ಲ ಸವರಿ, "ನೀ ಇಲ್ಲೇ ಇರಬೇಕಪಾ" ಎಂದು ಲಕೋಟೆ ಒಳಗೆ ಬಿಟ್ಟಳು.

ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತಿರುವಂಥದು. ನಮ್ಮ ರಾಜ್ಯದ ಮತದಾನಕ್ಕೆ ಸ್ವಲ್ಪ ಮುಂಚೆ, ಒಬ್ಬರಾದ ಮೇಲೊಬ್ಬರಂತೆ ಕೆಲವು ಅಭ್ಯರ್ಥಿಗಳು ಕಣದಿಂದ ಹಿಂದೆ ಸರಿದರು. ಗೆಲ್ಲುವವರೆಂದು ಭಾವ ಬೆರಳಿಟ್ಟು ತೋರಿಸಿದವರೂ ಅವರಲ್ಲಿ ಒಬ್ಬರು. ಸುದ್ದಿ ನೋಡಿದಾಗ ನಾನು ಸ್ಯಾನ್ ಡಿಯಾಗೋದ ನನ್ನ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆ ಮಡಿಚುತ್ತಿದ್ದೆ. ಅಕ್ಕನ ಮನೆಯಲ್ಲಿ ಏನಾಯಿತೆಂದು ಕಣ್ಣಾರೆ ಕಾಣೆ. ಅಕ್ಕ ಹೇಳಿದ್ದು ಇಷ್ಟು. ಭಾವ, "ಛೆ, ಕೊನೇ ಗಳಿಗೇಲಿ ಕೈ ಕೊಟ್ರಲ್ಲ. ಹೋಗ್ಲಿ ಬಿಡಿ ಅತ್ತೆ, ಒಬ್ಬರ ಹಿಂದೆ ಎಲ್ರೂ ನಿಂತ್ರೆ ಒಳ್ಳೇದೇ" ಎಂದರಂತೆ. ದೊಡ್ಡವ್ವ, "ಹೌದ್ರೀ" ಎಂದಳಂತೆ. ಅವಳು ಬಯಸಿದ್ದ ಅಭ್ಯರ್ಥಿ ಆಗ ಇನ್ನೂ ಕಣದಲ್ಲಿದ್ದರು.

ಸೋಮವಾರ ಅವಳೇ ನನಗೆ ಫೋನ್ ಮಾಡಿದಳು. ಮನೆಯಲ್ಲಿ ಯಾರೂ ಇರಲಿಲ್ಲವೆಂದು ಕಾಣುತ್ತದೆ. "ನಾಳೆ ಬರಾಕ ಆಗ್ತೈತೇನು? ಅಳಿಯಂದ್ರು, ಮಗಳು ಆಫೀಸಿಗೆ ಹೋದ ಮ್ಯಾಲೆ ಬಾ" ಎಂದಳು. ಯಾಕೆಂದು ಕೇಳಿದ್ದಕ್ಕೆ, "ನನ್ನ ವೋಟ ತಗೊಂಡ ಬರೂಣು" ಎಂದಳು.

ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿದ್ದಿರಬೇಕು. ಆದರೂ ಬರುತ್ತೇನೆಂದೆ. ಮೊಮ್ಮಗಳೂ ತನ್ನ ಮತ ಹಾಕಬೇಕೆಂದು ನನ್ನ ಜೊತೆ ಹೊರಟಳು. ದಾರಿಯುದ್ದಕ್ಕೂ ಕಾರುಗಳ ಸಾಲು. ಅವಳು ಫೋನಿನಲ್ಲಿ ನಿಯಮಗಳನ್ನು ಹುಡುಕಿ ಓದುತ್ತಿದ್ದಳು; ಎಲ್ಲಿಯೂ ದಾರಿ ಸಿಗದೆ ಕೊನೆಗೆ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು.

ಮತದಾನದ ಕೇಂದ್ರದಲ್ಲೂ ಸಾಲು ದೊಡ್ಡದಿತ್ತು. ಆ ಸಲ ಯಂತ್ರಗಳೂ ಹೊಸವು, ಪದ್ಧತಿಯೂ ಹೊಸದು. ಸಾಲು ನಿಧಾನವಾಗಿ ಸರಿಯುತ್ತಿತ್ತು. ದೊಡ್ಡವ್ವ ಇಳಕಲ್ ಸೀರೆ ಉಟ್ಟು, ಮೇಲೆ ಅಕ್ಕನ ಸ್ವೆಟರ್ ಹಾಕಿಕೊಂಡು ಮೊಮ್ಮಗಳ ತೋಳು ಹಿಡಿದು ನಿಂತಿದ್ದಳು. ಮಗುವನ್ನು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಒಳಗಿನಿಂದ ಮಡಚುವ ಕುರ್ಚಿ ತಂದುಕೊಟ್ಟಳು. ದೊಡ್ಡವ್ವ ಕೂತಳು, ಸಾಲು ಸರಿದಾಗಲೆಲ್ಲ ಏಳುವಳು, ಕುರ್ಚಿ ಸರಿಸಿಕೊಂಡು ಮತ್ತೆ ಕೂರುವಳು. "ನಮ್ಮಲ್ಲೆ ಇಷ್ಟ ಸಾಲ ಇದ್ರ ನಾ ಮುದುಕರ್ನ ಮೊದಲ ಒಳಗ ಬಿಡತಿದ್ದೆ" ಎಂದಳು ಒಮ್ಮೆ.

ಅವರ ಸರದಿ ಬಂದಾಗ ನಾನು ಗೋಡೆಯ ಬಳಿ ನಿಂತೆ. ಮೇಜಿನ ಹಿಂದೆ ಇದ್ದವರು ಜಪಾನಿ ಮೂಲದ ಒಬ್ಬ ಹಿರಿಯರು, ದೊಡ್ಡವ್ವನ ವಯಸ್ಸಿಗಿಂತ ಹೆಚ್ಚು ಕಡಿಮೆ ಇರಲಿಕ್ಕಿಲ್ಲ. ದೊಡ್ಡವ್ವ ತನ್ನ ಗುರುತಿನ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅವರೂ ಎರಡೂ ಕೈಯಲ್ಲಿ ತೆಗೆದುಕೊಂಡರು. ಟ್ಯಾಬ್ಲೆಟಿನಲ್ಲಿ ಹುಡುಕಿ, ಮುಖ ಅರಳಿಸಿ, ನಿಮ್ಮ ಮತ ಕ್ಷೇಮವಾಗಿ ನಮಗೆ ತಲುಪಿದೆ, ನೀವು ಬರಬೇಕಾಗಿಯೇ ಇರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಸಂತೋಷದ ಸುದ್ದಿ ಕೊಡುವವರ ದನಿ. ಮತ ಹಾಕಿದವರಿಗೆ ಕೊಡುವ ಸ್ಟಿಕ್ಕರನ್ನೂ ಅವಳ ಕೈಗಿಟ್ಟರು.

ದೊಡ್ಡವ್ವ ಸ್ಟಿಕ್ಕರ್ ನೋಡಿದಳು. ಮೊಮ್ಮಗಳಿಗೆ ಹೇಳಿದಳು: "ಬದಲ ಮಾಡಬೇಕು ಅಂತ ಹೇಳು. ನಾ ಯಾರಿಗೆ ಹಾಕಿದ್ನೋ ಅವರು ಈಗ ಕಣದಾಗ ಇಲ್ಲ ಅಂತ ಹೇಳು."

ಮೊಮ್ಮಗಳು ಹೇಳಿದಳು. ಆ ಹಿರಿಯರ ಮುಖ ಬದಲಾಯಿತು. ನಿನ್ನೆಯಿಂದ ತುಂಬ ಜನ ಇದನ್ನೇ ಕೇಳಿಕೊಂಡು ಬರುತ್ತಿದ್ದಾರೆ, ನನ್ನಿಂದ ಏನೂ ಆಗುವುದಿಲ್ಲ ಎಂದರು. ಬಂದ ಮತವನ್ನು ಹೊರತೆಗೆಯುವುದಕ್ಕೆ ದಾರಿಯೇ ಇಲ್ಲ ಎಂದರು.

ದೊಡ್ಡವ್ವ ನನ್ನ ಕಡೆ ತಿರುಗಿದಳು. ಗೋಡೆಯ ಬಳಿಯಿದ್ದ ನನಗೆ ಕೇಳುವಂತೆ ಕನ್ನಡದಲ್ಲಿ, "ಡಬ್ಬಿಯೊಳಗ ಬಿದ್ದದ್ದು ಹೊರಗ ಬರಂಗಿಲ್ಲ ಅಂತ ನಾನಽ ಎಷ್ಟ ಮಂದಿಗೆ ಹೇಳಿ ಕಳಿಸೀನಿ. ಗೊತ್ತೈತಿ ನನಗ" ಎಂದಳು. "ಆದ್ರೂ ಕೇಳಬೇಕನಸ್ತು."

ಮೊಮ್ಮಗಳು ಬಿಡಲಿಲ್ಲ. ಬೇರೆ ಏನಾದರೂ ಇದೆಯೇ ಎಂದು ಮತ್ತೆ ಮತ್ತೆ ಕೇಳಿದಳು. ಆಗ ಅವರು ಹಿಂಜರಿಯುತ್ತ, ನೀವು ಒತ್ತಾಯಿಸಿದರೆ ತಾತ್ಕಾಲಿಕ ಮತಪತ್ರ ಅಂತ ಒಂದು ಕೊಡಬಹುದು, ಅದನ್ನು ತುಂಬಿ ಬೇರೆ ಲಕೋಟೆಯಲ್ಲಿ ಇಡುತ್ತೇವೆ, ಆಮೇಲೆ ಪರಿಶೀಲಿಸುವವರು ಮೊದಲ ಮತ ಬಂದಿರುವುದನ್ನು ಕಂಡು ಇದನ್ನು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ ಎಂದರು. ಸುಳ್ಳು ಆಸೆ ಹುಟ್ಟಿಸಬಾರದೆಂದು ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು.

ಮೊಮ್ಮಗಳು ಅದನ್ನು ಅಜ್ಜಿಗೆ ತನ್ನ ಮುರುಕು ಕನ್ನಡದಲ್ಲಿ ಹೇಳಿದಳು. ಅವಳು ಅಷ್ಟು ಉದ್ದ ಕನ್ನಡ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಅಜ್ಜಿ, ನೀವು ಅದರಲ್ಲಿ ನಿಮ್ಮ ಹೆಸರು, ನಿಮಗೆ ಬೇಕಾದ ಹೆಸರು, ಹಾಕಬಹುದು. ಅವರು ಕೌಂಟ್ ಮಾಡಲ್ಲ. ಆದ್ರೆ ನೀವು ಹಾಕಿರ್ತೀರ."

ಹಾಕಲಿ ಎಂದು ನನಗೂ ಅನ್ನಿಸಿತು. ಯಾರಿಗೂ ನಷ್ಟವಿಲ್ಲ, ಒಂದು ಸಲವಾದರೂ ಅವಳ ಕೈ ಆ ಹೆಸರನ್ನು ತುಂಬಲಿ. ನಾನು ಗೋಡೆ ಬಿಟ್ಟು ಮುಂದೆ ಬಂದು, "ಹಾಕು ದೊಡ್ಡವ್ವಾ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ಒಬ್ಬಾಕಿ ಎರಡ ಸಲ ಹಾಕೂದು ತಪ್ಪ ಆಗ್ತೈತಿ. ಎಣಸಂಗಿಲ್ಲ ಅಂದ್ರ ತಪ್ಪ ಸಣ್ಣದಾಗಂಗಿಲ್ಲ." ಮತ್ತೆ, "ಹುಡುಗ್ರು ಮನೀ ಕಟ್ಟಿ ಆಡ್ತಾರಲ್ಲ, ಹಂಗಾಗ್ತೈತಿ" ಎಂದಳು. ಆ ಹಿರಿಯರಿಗೆ ಕೈ ಮುಗಿದಳು. ಅವರು ಎದ್ದು ನಿಂತು ತಲೆ ಬಾಗಿಸಿದರು. ಹಿಂದಿನ ಸಾಲಿನವರು ಕಾಯುತ್ತಿದ್ದರು. ಮೊಮ್ಮಗಳು ತನ್ನ ಮತ ಹಾಕಲು ಯಂತ್ರದ ಕಡೆ ಹೋದಳು. ಅವಳು ಯಾರಿಗೆ ಹಾಕಿದಳೆಂದು ನಾನು ಕೇಳಿಲ್ಲ. ಅಜ್ಜಿಯ ಅಭ್ಯರ್ಥಿಗೆ ಹಾಕಿರಬಹುದೆಂದು ನನಗೆ ಆಗಾಗ ಅನ್ನಿಸುತ್ತದೆ, ಕೇಳಿದರೆ ಹೇಳಿಯಾಳು. ಕೇಳುವುದಿಲ್ಲ.

ಕಾರಿನಲ್ಲಿ ದೊಡ್ಡವ್ವ ಒಂದೇ ಮಾತು ಹೇಳಿದಳು: "ಅಳಿಯಂದ್ರಿಗೆ ಹೇಳಬ್ಯಾಡ್ರಿ. ಮನಸಿಗೆ ಹಚ್ಕೊಂತಾರ." ನಾವು ಹೂಂ ಎಂದೆವು.

ಅದಾಗಿ ಸ್ವಲ್ಪ ದಿನಕ್ಕೆ ಕೊರೋನಾದಿಂದ ಊರು ಊರೇ ಬಾಗಿಲು ಹಾಕಿಕೊಂಡಿತು. ನಾನು ಟೊರೆನ್ಸಿಗೆ ಹೋದರೂ ಅಂಗಳದಲ್ಲೇ ನಿಂತು, ಕಿಟಕಿಯ ಗಾಜಿನಾಚೆ ಕೂತ ದೊಡ್ಡವ್ವನ ಜೊತೆ ಫೋನಿನಲ್ಲಿ ಮಾತಾಡಿ ಬರುತ್ತಿದ್ದೆ. ಅವಳು ಬಯಸಿದ್ದ ಅಭ್ಯರ್ಥಿಯೂ ಅಷ್ಟರಲ್ಲಿ ಕಣ ಬಿಟ್ಟಿದ್ದರು. ಆಗಸ್ಟಿನಲ್ಲಿ ಅವಳ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಅಕ್ಕನೊಬ್ಬಳನ್ನು ಮಾತ್ರ ಒಳಗೆ ಬಿಟ್ಟರು. ನವೆಂಬರ್ ಅವಳ ಪಾಲಿಗೆ ಬರಲಿಲ್ಲ. ನವೆಂಬರಿನಲ್ಲಿ ಪಕ್ಷ ಗೆದ್ದಿತು. ಭಾವ ಫೋನ್ ಮಾಡಿ, "ಗೆದ್ವಿ ಕಣೋ, ಇನ್ನು ನಿನ್ನ ಕೆಲಸ ಆಗುತ್ತೆ" ಎಂದರು. ಅತ್ತೆ ಇರಬೇಕಿತ್ತು ಎಂದು ಅತ್ತರು. ನನ್ನ ಗ್ರೀನ್ ಕಾರ್ಡ್ ಆಗಲೂ ಬರಲಿಲ್ಲ, ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ.

2024ರ ಬೇಸಿಗೆಯಲ್ಲಿ ಅಕ್ಕ, ಭಾವ ಸ್ಯಾನ್ ಡಿಯಾಗೋಕ್ಕೆ ಬಂದಿದ್ದರು. ಮಗಳಿಗೆ ಇಲ್ಲೇ ಕೆಲಸ ಸಿಕ್ಕಿತ್ತು, ಅವಳೂ ಬಂದಳು. ನನ್ನ ಮನೆಯಲ್ಲಿ ಊಟ. ಅದೇ ವಾರ, ಪ್ರೈಮರಿಗಳೆಲ್ಲ ಮುಗಿದ ಮೇಲೆ, ಜನ ಆರಿಸಿದ್ದ ಅಭ್ಯರ್ಥಿ ಹಿಂದೆ ಸರಿದು ಬೇರೊಬ್ಬರು ಆ ಜಾಗಕ್ಕೆ ಬರುವ ಸುದ್ದಿ. ನಾನು ಅನ್ನ ಬಡಿಸುತ್ತಿದ್ದೆ.

"ಇದ್ಯಾವ ನ್ಯಾಯ?" ಎಂದರು ಭಾವ. "ನಾವೆಲ್ಲ ವೋಟ್ ಹಾಕಿದ್ವಿ. ಈಗ ನಿಮ್ಮ ವೋಟ್ ಇರ್ಲಿ ಬಿಡಿ, ಇವರು ಗೆಲ್ತಾರೆ, ಇವರನ್ನ ತಗೊಳ್ಳಿ ಅಂದ್ರೆ? ಹಾಗಾದ್ರೆ ನಾವು ಹಾಕಿದ್ದು ಏನಕ್ಕೆ?"

ಮಗಳು ತಟ್ಟೆಯಿಂದ ತಲೆ ಎತ್ತಿದಳು. ಅವಳು ಮುಂದೆ ಹೇಳುವುದು ನನಗೆ ತಿಳಿಯಿತು, ತಡೆಯಲು ಆಗಲಿಲ್ಲ.

"ಅಜ್ಜಿ ಆಸ್ಕ್‌ಡ್ ಯು ದಟ್" ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ಮತದಾನದ ಕೇಂದ್ರ, ಸಾಲು, ಕುರ್ಚಿ, ಆ ಹಿರಿಯರು, ಅಜ್ಜಿ ಬೇಡವೆಂದ ತಾತ್ಕಾಲಿಕ ಮತಪತ್ರ. "ಇಟ್ ವಾಸ್ ದಿ ಓನ್ಲಿ ಒನ್ ಶಿ ಎವರ್ ಹ್ಯಾಡ್, ಅಪ್ಪಾ" ಎಂದಳು. ಕೂಗಲಿಲ್ಲ.

ಭಾವ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ.

"ನಾನು ಸುಮ್ನೆ ಆರ್ಗ್ಯೂ ಮಾಡಿದ್ದಷ್ಟೆ" ಎಂದರು ಅವರು. "ಬೇಡ ಅಂದಿದ್ರೆ ಬಿಟ್ಬಿಡ್ತಿದ್ದೆ. ಒಂದ್ ಮಾತು ಬೇಡ ಅನ್ಬಹುದಿತ್ತಲ್ಲ ಅತ್ತೆ."

"ನಿಮಗ ಬ್ಯಾಡ ಅಂತ ಹೆಂಗ ಅಂದಾಳ್ರೀ ಆಕಿ?" ಎಂದಳು ಅಕ್ಕ. ಅದರಲ್ಲಿ ಸಿಟ್ಟಿರಲಿಲ್ಲ. ಅವಳಿಗೂ ಆ ದಿನವೇ ಮೊದಲ ಸಲ ವಿಷಯ ತಿಳಿದದ್ದು.

ಅವರಿಗೆ ಏನಾದರೂ ಸಮಾಧಾನ ಹೇಳಬೇಕೆಂದು ನಾನು ಹುಡುಕಿದೆ. ನೀವು ಮಾಡಿದ್ದು ನನಗಾಗಿ ಎಂದರೆ ಅದು ಚುಚ್ಚಿದಂತಾಗುತ್ತಿತ್ತು. ನಿಮ್ಮ ತಪ್ಪಿಲ್ಲ ಎಂದರೆ ಸಂಕೋಚಕ್ಕೆ ಎನ್ನುತ್ತಾನೆ ಎಂದುಕೊಳ್ಳುತ್ತಿದ್ದರು. ನಾನು ಸಾರು ಬಡಿಸಿದೆ. ಅವರು ಬೇಡವೆಂದು ಕೈ ಅಡ್ಡ ಹಿಡಿದರು. ನಾನು ಪಾತ್ರೆ ಕೆಳಗಿಟ್ಟೆ. ಕತ್ತಲಾಗುವ ಮುಂಚೆಯೇ ಅವರು ಟೊರೆನ್ಸಿಗೆ ಹೊರಟರು. ಕಾರನ್ನು ಅಕ್ಕ ಡ್ರೈವ್ ಮಾಡಿದಳು.

ಶಿವರಾತ್ರಿಯ ದಿನ ಮೇಜಿನ ಸುತ್ತ ಇದ್ದವರಲ್ಲಿ ದೊಡ್ಡವ್ವನನ್ನು ಬಿಟ್ಟು ಎಲ್ಲರೂ ಬದುಕಿದ್ದಾರೆ: ಅಕ್ಕ, ಭಾವ, ಅವರ ಮಗಳು, ನಾನು. ಮತದಾನದ ಕೇಂದ್ರದಲ್ಲಿ ಅವಳು ತನ್ನ ಮತವನ್ನು ಹಿಂದಕ್ಕೆ ಕೇಳಿದ್ದನ್ನು, ಸಿಕ್ಕ ಇನ್ನೊಂದನ್ನು ಬೇಡವೆಂದದ್ದನ್ನು ಕಣ್ಣಾರೆ ಕಂಡವರು ಇನ್ನೂ ಕಡಿಮೆ, ಅದಕ್ಕೇ ಬರೆದಿಟ್ಟೆ. ಅಕ್ಕನ ಮಗಳು ಈಗ ಸ್ಯಾನ್ ಡಿಯಾಗೋದಲ್ಲಿ ನನ್ನ ಮನೆಯ ಹತ್ತಿರವೇ ಇದ್ದಾಳೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವಳು ತಿದ್ದಬಲ್ಲಳು. ಕುರ್ಚಿ ಕೊಟ್ಟ ಹೆಂಗಸು ಅಂದಿಗೆ ಚಿಕ್ಕ ವಯಸ್ಸಿನವಳು, ಅವಳ ಮಗುವಿಗೆ ಈಗ ಓದುವಷ್ಟು ವಯಸ್ಸಾಗಿರಬೇಕು. ಮೇಜಿನ ಹಿಂದಿದ್ದ ಹಿರಿಯರನ್ನು 2022ರಲ್ಲಿ, ಅಕ್ಕನನ್ನು ಮತ ಹಾಕಲು ಬಿಡಲು ಹೋದಾಗ, ಅದೇ ಭವನದ ಬಾಗಿಲಲ್ಲಿ ಕಂಡೆ. ಕೋಲು ಹಿಡಿದು ನಡೆಯುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ. ಅದಾದ ಮೇಲೆ ಅವರನ್ನು ನೋಡಿಲ್ಲ, ಇದ್ದಾರೆಂದೇ ತಿಳಿದಿದ್ದೇನೆ.